ನೀಲಮ್ಮ ಬದುಕಿದ್ದ ಮೂರು ವರ್ಷ

ಮಳೆಯಲ್ಲಿ ನೆನೆದ ಟಾರ್ಪಾಲಿನ ವಾಸನೆ ಬಂದರೆ ಈಗಲೂ ನನಗೆ ಮಳವಳ್ಳಿಯ ಸಿನಿಮಾ ಟೆಂಟೇ ಕಣ್ಣೆದುರು ನಿಲ್ಲುತ್ತದೆ. ಮರಳಿನ ನೆಲ, ಹೊರಗೆ ದಡದಡ ಎನ್ನುವ ಎಣ್ಣೆ ಇಂಜಿನ್ನು, ಹೆಂಗಸರ ಕಡೆ ಕಡಲೆಕಾಯಿ ಸಿಪ್ಪೆಯ ನಡುವೆ ಕೂತ ನಮ್ಮಜ್ಜಿ. ಮಕ್ಕಳೇ, ನೀವು ಸಿನಿಮಾ ನೋಡಿ ಬಂದು, ಪುಸ್ತಕವನ್ನು ಕೆಡಿಸಿಬಿಟ್ಟರು ಎಂದು ಜಗಳವಾಡುವಾಗ ನಾನು ಒಳಗೆ ಎದ್ದುಹೋಗುತ್ತೇನಲ್ಲ, ಅದರ ಕಾರಣವನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಕವಾಡಿಯ ನಮ್ಮ ಮನೆಯಲ್ಲಿ ಓದು ಬರುತ್ತಿದ್ದ ಹೆಣ್ಣು ನಾನೊಬ್ಬಳೇ. ಅಜ್ಜಿಗೆ ಕಣ್ಣು ಹೋಗಿತ್ತು. ಚಿಕ್ಕಪ್ಪ ಮಂಡ್ಯದಿಂದ ತಂದುಕೊಟ್ಟ ಒಂದು ಕಾದಂಬರಿಯನ್ನು ದಿನವೂ ಸಂಜೆ ಜಗಲಿಯಲ್ಲಿ ಅವಳಿಗೆ ಓದಿ ಹೇಳುತ್ತಿದ್ದೆ. ಅದರಲ್ಲಿ ನೀಲಮ್ಮ ಎಂಬ ಹುಡುಗಿ, ಅತ್ತೆಮನೆಯ ಕಷ್ಟ ತಾಳಲಾರದೆ, ಕೊನೆಯ ಪುಟದಲ್ಲಿ ಹೊಳೆಗೆ ಬೀಳುತ್ತಾಳೆ. ನಮ್ಮ ಮನೆಯಲ್ಲಿ ಸಾವು ಬಂದ ಕಡೆ ಪುಸ್ತಕ ಮುಚ್ಚುವಂತಿರಲಿಲ್ಲ. ಒಳ್ಳೆಯದೊಂದು ಬರುವವರೆಗೂ ಓದಲೇಬೇಕು. ಆದರೆ ಮುಂದೆ ಪುಟವೇ ಇಲ್ಲ! ಹನ್ನೊಂದು ವರ್ಷದ ನಾನು ಹೆದರಿ, ಒಬ್ಬ ಮುದುಕನ ಹರಿಗೋಲನ್ನು ಅಲ್ಲಿಗೆ ತಂದು, ಅವಳನ್ನು ನೀರಿನಿಂದ ಎತ್ತಿಸಿ ತವರಿಗೆ ಸೇರಿಸಿಬಿಟ್ಟೆ. "ಸದ್ಯ, ಬದುಕ್ಕೊಂಡ್ಲಲ್ಲ ಮಗ," ಎಂದು ಅಜ್ಜಿ ಗೋಡೆಗೆ ಒರಗಿದಳು. ಆಮೇಲೆ ಮೂರು ವರ್ಷ, ಹೊಳೆ ತುಂಬಿ ಬಂದಾಗಲೆಲ್ಲ ನೀಲಮ್ಮ ಪಾರಾದದ್ದನ್ನು ಅಕ್ಕಪಕ್ಕದವರಿಗೆ ತಾನೇ ಹೇಳುತ್ತಿದ್ದಳು.

ಅದೇ ಕಥೆ ಸಿನಿಮಾ ಆಗಿ ಟೆಂಟಿಗೆ ಬಂದಿದೆ ಎಂದು ತಿಳಿದದ್ದೇ ಅಜ್ಜಿ ಹಟ ಹಿಡಿದಳು.

"ಕಣ್ಣೇ ಕಾಣಾಕಿಲ್ಲ, ಸಿನಿಮಾ ಏನವ್ವ ನೋಡೀಯೆ?" ಎಂದು ಚಿಕ್ಕಪ್ಪ ನಕ್ಕರು.

"ನಿಂಗೆ ಎಲ್ಡು ಕಣ್ಣಿದ್ದೂ ನೆನ್ನೆ ಅಸ ಬಂದು ಹಿಟ್ಟಿನ ಮಡಕೇಗೆ ಬಾಯಾಕ್ಲಿಲ್ವಾ? ಗಾಡಿ ಕಟ್ಲಾ ಸುಮ್ಕೆ!"

ತೆರೆಯ ಮೇಲೆ ನಡೆಯುವುದನ್ನು ಅಜ್ಜಿಯ ಕಿವಿಯಲ್ಲಿ ಹೇಳುವುದು ನನ್ನ ಕೆಲಸ. ಅಷ್ಟು ದಿನ ಟೆಂಟು ನೋಡಬೇಕೆಂದು ಕನಸು ಕಂಡವಳು, ಅಂದು ಇಂಜಿನ್ನು ಕೆಟ್ಟುಹೋಗಲಿ ಎಂದು ದೇವರನ್ನು ಬೇಡುತ್ತಿದ್ದೆ. ನೀಲಮ್ಮ ಹೊಳೆಯ ದಡಕ್ಕೆ ಬಂದಳು. ಮಾತಿಲ್ಲ, ನೀರಿನ ಸದ್ದು ಮಾತ್ರ.

"ಏನ್ ಮಗ ಆಯ್ತಾ ಇರಾದು?"

"ಹರಿಗೋಲು ಬತ್ತಾ ಐತೆ ಅಜ್ಜಿ," ಎಂದೆ.

ಅಷ್ಟರಲ್ಲಿ ಹಿಂದೆ ಕೂತಿದ್ದ ಹೆಂಗಸೊಬ್ಬಳು, "ಅಯ್ಯೋ, ಮುಳುಗೋದ್ಲಲ್ಲವ್ವ ಕಂದ!" ಎಂದು ಗೊಳೋ ಎಂದಳು. ನನ್ನ ಮೊಣಕಾಲ ಮೇಲಿದ್ದ ಅಜ್ಜಿಯ ಕೈ ಮೆಲ್ಲಗೆ ಸರಿಯಿತು. ಪುಸ್ತಕದಲ್ಲಿದ್ದ ಹಾಗೆಯೇ ತೋರಿಸಿದರೆಂದು ಸಿನಿಮಾದ ಮೇಲೆ ಸಿಟ್ಟಾದವಳು ಆ ಟೆಂಟಿನಲ್ಲಿ ನಾನೊಬ್ಬಳೇ ಇರಬೇಕು.

ಮರುದಿನ ಬೆಳಿಗ್ಗೆ ಅಜ್ಜಿ ನೆನೆಹಾಕಿದ ಅವರೆಕಾಳನ್ನು ಹಿತುಕುತ್ತಾ ಕೂತಿದ್ದಳು. "ಪುಸ್ತಕ ತತ್ತಾ. ಅದ್ರಲ್ಲಿ ಇರಾದ್ನೇ ಓದು," ಎಂದಳು. ಕೊನೆಯ ಪುಟವನ್ನು ಇದ್ದಂತೆ ಓದಿದೆ. ಅವಳ ಕೈ ನಿಂತುಹೋಯಿತು. ಸೆರಗಿನಿಂದ ಕಣ್ಣೊತ್ತಿಕೊಂಡಳು. ನಾನು ಬೈಗುಳಕ್ಕೆ ಕಾದು ಕೂತೆ.

"ಪಾಪ, ಮೂರೊರ್ಸ ಅವ್ಳಿಗೋಸ್ಕರ ಒಂದ್ ತೊಟ್ಟು ಕಣ್ಣೀರ್ ಆಕ್ಲಿಲ್ವಲ್ಲೇ ನಾನು," ಎಂದಳಷ್ಟೇ.

ಬಹಳ ಕಾಲ ನಾನು ಸಿನಿಮಾದವರನ್ನು ಕ್ಷಮಿಸಲಿಲ್ಲ. ಓದಿದ ಕಥೆ ತೆರೆಗೆ ಬಂದರೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ವಯಸ್ಸಾದ ಮೇಲೆ ನೋಡತೊಡಗಿದೆ. ಕಥೆಯನ್ನು ಬದಲಾಯಿಸಿದ್ದರೆ, ಯಾರೋ ನನ್ನ ಹಾಗೆ ಹೆದರಿಕೊಂಡರು ಎನಿಸುತ್ತದೆ. ಇದ್ದಂತೆಯೇ ತೋರಿಸಿದ್ದರೆ, ಅಳುವವರಿಗೆ ಅಳಲು ಬಿಟ್ಟರಲ್ಲ ಎನಿಸುತ್ತದೆ. ಬೈಯಲು ಬಾಯಿ ಬರುವುದಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ನಾನು ಮದ್ದೂರಿನಲ್ಲಿ, ಗಂಡನ ಮನೆಯಲ್ಲಿ, ಎರಡನೆಯ ಬಸುರಿ. ಬಸುರಿಯ ಕಿವಿಗೆ ಸಾವಿನ ಸುದ್ದಿ ಹಾಕಬಾರದೆಂದು ಚಿಕ್ಕಪ್ಪ ಪ್ರತಿ ಕಾಗದದಲ್ಲೂ ಅಜ್ಜಿ ಕ್ಷೇಮ, ನಿನ್ನನ್ನು ಕೇಳುತ್ತಿರುತ್ತಾಳೆ ಎಂದು ಬರೆಯುತ್ತಿದ್ದರು. ಕೂಸಿಗೆ ಮೂರು ತಿಂಗಳಾದಾಗ ಅಜ್ಜಿಗೆ ತೋರಿಸಲೆಂದು ಎತ್ತಿಕೊಂಡು ಬೆಳಕವಾಡಿಗೆ ಹೋದೆ. ಚಿಕ್ಕಪ್ಪ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತರು. ತಿಥಿಯೂ ಮುಗಿದು ಎಷ್ಟೋ ದಿನವಾಗಿತ್ತು. ಊರವರೆಲ್ಲ ಅತ್ತು ಮುಗಿಸಿದ್ದರು. ನಾನು ಜಗಲಿಯ ಮೇಲೆ ಕೂತೆ. ನಾನು ಅಳಲಿ ಎಂದು, ಚಿಕ್ಕಪ್ಪ ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡರು.