ಉದುರದ ಎಳ್ಳು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ನಾಚಿಕೆಪಟ್ಟುಕೊಂಡು ಹೇಳುತ್ತಿಲ್ಲ, ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಬಿಪಿ, ನನಗೆ ಇದು. ಆದರೆ ಒಡವೆ ನೋಡಿ, ಸೀರೆ ನೋಡಿ, ಪಕ್ಕದ ಮನೆಯವರ ಕಾರು ನೋಡಿ ನಾನು ಯಾವತ್ತೂ ಉರಿದವಳಲ್ಲ. ನಾನು ಉರಿದದ್ದು ಒಂದು ಎಳ್ಳಿನ ಗಿಡಕ್ಕೆ. ಈಗ ನೆನೆಸಿಕೊಂಡರೂ ಮೈ ಬಿಸಿಯಾಗುತ್ತದೆ.

ನರಸಿಂಹರಾಜಪುರದಿಂದ ಹಿನ್ನೀರಿನ ಕಡೆಗೆ ಇಳಿಯುವ ರಸ್ತೆಯ ಪಕ್ಕ, ಎಣ್ಣೆಕಾಳುಗಳ ಹೊಸ ತಳಿ ಮಾಡಿ ನೋಡುವ ಒಂದು ಸಣ್ಣ ಪ್ರಯೋಗದ ಹೊಲವಿದೆ. ನನ್ನ ನೌಕರಿ ಅಲ್ಲಿ. ಅಡಿಕೆ, ಕಾಫಿ ಬಿಟ್ಟರೆ ಬೇರೆ ಮಾತೇ ಇಲ್ಲದ ಸೀಮೆಯಲ್ಲಿ ಎಳ್ಳಿನ ಹೆಸರಲ್ಲಿ ಸಂಬಳ ತೆಗೆದುಕೊಳ್ಳುವವಳೆಂದರೆ ನೆಂಟರಿಗೆ ತಮಾಷೆ. “ಎಳ್ಳಿಗೂ ಒಂದು ಆಫೀಸಾ ಮಾರಾಯ್ತಿ?” ಎಂದು ಬಸರೀಕಟ್ಟೆಯ ಭಾವ ಸಿಕ್ಕಾಗಲೆಲ್ಲ ಕೇಳುತ್ತಾರೆ. ಕೇಳಲಿ. ಅವರ ಕಾಫಿ ಹೂ ಅದರಷ್ಟಕ್ಕೇ ಕಾಯಿ ಕಟ್ಟುತ್ತದೆ, ನನ್ನ ಎಳ್ಳಿಗೆ ನಾನು ಬೇಕು.

ನಮ್ಮ ತಾಪತ್ರಯ ಇಷ್ಟು. ಕಮ್ಮರಡಿ ಕಡೆಯ ಒಂದು ಮನೆಯಿಂದ ತಂದ ಕರಿ ಎಳ್ಳು ನಮ್ಮಲ್ಲಿತ್ತು. ಹುರಿದರೆ ಬೀದಿಯವರೆಗೂ ಘಮ, ಗಾಣಕ್ಕೆ ಹಾಕಿದರೆ ಕೈತುಂಬ ಎಣ್ಣೆ. ಆದರೆ ಕಾಯಿ ಒಣಗಿದ್ದೇ ತಡ, ತುದಿ ಬಾಯಿಬಿಟ್ಟು ಬೀಜವೆಲ್ಲ ಮಣ್ಣುಪಾಲು. ಇನ್ನೊಂದು ಹೊರಗಿನಿಂದ ತರಿಸಿದ ಬಿಳಿ ಎಳ್ಳು. ಅದು ಒಣಗಿ ಬಾಯಿಬಿಟ್ಟರೂ ಬೀಜವನ್ನು ಒಳಗೇ ಕಚ್ಚಿ ಹಿಡಿದುಕೊಳ್ಳುತ್ತದೆ. ತಿಂದರೆ ಮಾತ್ರ ಸಪ್ಪೆ, ಎಣ್ಣೆಯೂ ಅಷ್ಟಕ್ಕಷ್ಟೆ. ನಮಗೆ ಬೇಕಾಗಿದ್ದು ಉದುರದ ಕರಿ ಎಳ್ಳು. ನಾನು ಮದುವೆಯಾಗಿ ಈ ಊರಿಗೆ ಬಂದು ಕೆಲಸಕ್ಕೆ ಸೇರಿದ ವರ್ಷದಿಂದ ಅದರ ಬೆನ್ನು ಹತ್ತಿದ್ದೆ.

ಎರಡು ಜಾತಿ ಕೂಡಿಸುವುದನ್ನು ಪುಸ್ತಕದಲ್ಲಿ ಸಂಕರಣ ಅನ್ನುತ್ತಾರೆ, ನಾವು ಕ್ರಾಸು ಅನ್ನುತ್ತೇವೆ. ನಾಳೆ ಅರಳಬೇಕಾದ ಹೂವಿನ ಎಸಳನ್ನು ಇವತ್ತು ಸಂಜೆಯೇ ಮೆಲ್ಲಗೆ ಎಳೆದು ತೆಗೆಯಬೇಕು. ಎಳ್ಳಿನಲ್ಲಿ ಗಂಡುಭಾಗ ಎಸಳಿಗೇ ಅಂಟಿರುವುದರಿಂದ ಅದೂ ಜೊತೆಗೇ ಬರುತ್ತದೆ, ಹೆಣ್ಣುಭಾಗದ ಸಣ್ಣ ಕಡ್ಡಿ ಮಾತ್ರ ಉಳಿಯುತ್ತದೆ. ಅದಕ್ಕೆ ಜ್ಯೂಸ್ ಕುಡಿಯುವ ಸ್ಟ್ರಾದ ತುಂಡಿನ ತಲೆ ಮಡಚಿ ಟೋಪಿ ಹಾಕಬೇಕು. ಬೆಳಗ್ಗೆ ಜೇನು ಬರುವ ಮುಂಚೆ ಟೋಪಿ ತೆಗೆದು, ಇನ್ನೊಂದು ಜಾತಿಯ ಹೂವಿನ ಪರಾಗ ಸವರಿ, ಟೋಪಿ ಮತ್ತೆ ಹಾಕಿ, ಗುರುತಿಗೆ ಉಲ್ಲನ್ ದಾರ ಕಟ್ಟಬೇಕು. ಅವರವರ ಕೈಗುಣ ತಿಳಿಯಲಿ ಎಂದು ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನನ್ನದು ಕೆಂಪು.

ಕೂಡಿಸುವವರೆಗೆ ನಮ್ಮ ಕೆಲಸ, ಆಮೇಲಿನದು ಗಿಡದ್ದು. ಗಿಡದೊಳಗೆ ಪರಾಗ, ಅಂಡ ತಯಾರಾಗುವಾಗ ತಾಯಿ ಕಡೆಯ ವರ್ಣತಂತುವೂ ತಂದೆ ಕಡೆಯದೂ ಪಕ್ಕಪಕ್ಕ ಬಂದು, ಅಲ್ಲಲ್ಲಿ ತುಂಡಾಗಿ, ತುಂಡುಗಳನ್ನು ಅದಲುಬದಲು ಮಾಡಿಕೊಂಡು ಮತ್ತೆ ಕೂಡಿಕೊಳ್ಳುತ್ತವೆ. ಹಾಗಾಗಿಯೇ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಬೇರೆಬೇರೆ. ನಮ್ಮ ಗ್ರಹಚಾರಕ್ಕೆ ಎಳ್ಳಿನ ಉದುರದ ಗುಣವೂ ಆ ಬಿಳಿ ಸಪ್ಪೆ ಗುಣವೂ ಒಂದೇ ತಂತುವಿನ ಮೇಲೆ ಒತ್ತೊತ್ತಾಗಿ ಕೂತಿದ್ದವು, ಮದುವೆಮನೆಯ ಪಂಕ್ತಿಯಲ್ಲಿ ಬಿಡದೆ ಪಕ್ಕಪಕ್ಕವೇ ಕೂರುವ ಓರಗಿತ್ತಿಯರ ಹಾಗೆ. ಒಂದು ಬಂದರೆ ಇನ್ನೊಂದೂ ಬರುತ್ತದೆ. ತಂತು ಸರಿಯಾಗಿ ಆ ಎರಡರ ನಡುವೆಯೇ ತುಂಡಾಗಬೇಕು. ಅದು ಆಗುವುದು ಎಲ್ಲೋ ಅಪರೂಪಕ್ಕೆ, ಆದರೂ ಯಾವ ಗಿಡದಲ್ಲಿ ಎಂದು ಹುಡುಕಿ ತೆಗೆಯಬೇಕು.

ಹೀಗಿರುವಾಗ ಅವಳು ಬಂದಳು. ಶೃಂಗೇರಿ ಕಡೆಯವಳು, ಹೆಚ್ಚುಕಡಿಮೆ ನನ್ನದೇ ವಯಸ್ಸು, ವರ್ಗವಾಗಿ ನನ್ನ ಪಕ್ಕದ ಮೇಜಿಗೆ. ಹೊಲಕ್ಕೆ ಬರುವಾಗ ಕಿವಿಯಲ್ಲಿ ಫೋನು, ಬಾಯಲ್ಲಿ ಹಾಡು. ಎಂತ ಹೇಳಿದರೂ ನಗು. ಮೊದಲ ವಾರವೇ “ಅಕ್ಕಾ” ಎಂದು ಶುರುಮಾಡಿದಳು, ಯಾರಿಗೆ ಅಕ್ಕ! ಅವಳಿಗೆ ಹಳದಿ ದಾರ ಸಿಕ್ಕಿತು. ಅವಳು ಮುಟ್ಟಿದ ಹೂವೆಲ್ಲ ಕಾಯಿ ಕಟ್ಟಿತು. ನನ್ನ ಹೂಗಳು ಉದುರಿ ಕೆಂಪು ದಾರ ಮಾತ್ರ ನೇತಾಡುತ್ತಿದ್ದರೆ, ಅವಳ ಸಾಲಿನಲ್ಲಿ ಹಳದಿ ದಾರದ ಪಕ್ಕ ಪುಷ್ಟವಾದ ಕಾಯಿಗಳು. “ನಿಮ್ಮ ಕೈ ಎಂಥ ಕೈ ಮಾರಾಯ್ರೆ!” ಎಂದು ನಮ್ಮ ಸಾಹೇಬರು ನನ್ನೆದುರಿಗೇ ಹೇಳಿದರು. ಆ ದಿನ ನಾನು ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ.

ಒಂದು ಸಮಾಧಾನವಿತ್ತು. ಆ ದೊಡ್ಡ ಕ್ರಾಸು, ಕರಿ ಬಿಳಿ ಎರಡನ್ನೂ ಕೂಡಿಸಿದ್ದು, ಅವಳು ಬರುವ ಮೊದಲೇ ನನ್ನ ಕೆಂಪು ದಾರದಲ್ಲಿ ಆಗಿತ್ತು. ಅದರ ಮೊದಲ ಪೀಳಿಗೆ ಬೆಳೆದು ಬೀಜ ಕೊಟ್ಟಿತ್ತು. ಗುಣಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಕಾಣಿಸಿಕೊಳ್ಳುವುದು ಮೊಮ್ಮಕ್ಕಳಲ್ಲಿ, ಅಂದರೆ ಎರಡನೇ ಪೀಳಿಗೆಯಲ್ಲಿ. ಗದ್ದೆ ಕೊಯ್ಲಾದ ಮೇಲೆ ಬೇಸಿಗೆಗೆ ಅದನ್ನೇ ಬಿತ್ತಿದೆವು. ಸಾಹೇಬರು ಹೊಲವನ್ನು ನಮ್ಮಿಬ್ಬರಿಗೂ ಅರ್ಧರ್ಧ ಹಂಚಿ, ಹಿರಿಯಳೆಂದು ನನಗೇ ಆರಿಸಿಕೊಳ್ಳಲು ಬಿಟ್ಟರು. ಮೇಲಿನ ಒಣ ಭಾಗ ನಾನು ತೆಗೆದುಕೊಂಡೆ. ನೀರು ನಿಲ್ಲುವ ಕೆಳಭಾಗ ಅವಳಿಗೆ.

ನಾನು ಎಳ್ಳು ಬೆಳೆಯುವ ಮನೆಯಲ್ಲಿ ಹುಟ್ಟಿದವಳು. ಎಲೆ ಹಳದಿಯಾಗಿ ಕೆಳಗಿನ ಕಾಯಿ ಬಣ್ಣ ತಿರುಗುತ್ತಿದ್ದ ಹಾಗೆ ಕೊಯ್ದು ಕಟ್ಟು ಕಟ್ಟಿ ನಿಲ್ಲಿಸಬೇಕು, ಬಿರಿಯುವ ತನಕ ಕಾದರೆ ಅವ್ವ ಬೆನ್ನಿಗೆ ಬಾರಿಸುತ್ತಿದ್ದಳು. ಎಳ್ಳು ಹೊಲದಲ್ಲಿ ಒಣಗುವುದನ್ನು ನೋಡಿಕೊಂಡು ಕೈಕಟ್ಟಿ ನಿಲ್ಲುವುದು ನಮ್ಮ ಮನೆತನದವರಿಂದ ಆಗದ ಮಾತು. ಮೋಡ ಬೇರೆ ಕಟ್ಟುತ್ತಿತ್ತು, ಅಡ್ಡಮಳೆ ಬಂದರೆ ಮುಗಿಯಿತು. ಸೆರಗು ಸಿಕ್ಕಿಸಿ, ಆಳುಗಳ ಜೊತೆ ನಾನೂ ಬಗ್ಗಿ, ನನ್ನ ಪಾಲಿನದನ್ನೆಲ್ಲ ಹದವಾಗಿ ಕೊಯ್ದು ಒಪ್ಪವಾಗಿ ಕಟ್ಟು ನಿಲ್ಲಿಸಿದೆ. ಸಾಹೇಬರು ಬಂದು ನೋಡಲಿ ಎಂದೂ ಇತ್ತು.

ಅವಳು? ಹರಿಹರಪುರದಲ್ಲಿ ಚಿಕ್ಕಪ್ಪನ ಮಗಳ ಮದುವೆ ಎಂದು ಹೋದವಳು ಮದುವೆ ಮುಗಿದರೂ ಬರಲಿಲ್ಲ. ಫೋನ್ ಮಾಡಿದರೆ, “ನಾಳೆ ಬತ್ತೆ ಅಕ್ಕಾ, ಬೀಗರ ಊಟ ಇದ್ದು” ಅನ್ನುತ್ತಾಳೆ. ಹಿನ್ನೆಲೆಯಲ್ಲಿ ನಗುವೋ ನಗು. ಅಷ್ಟರಲ್ಲಿ ಒಂದು ಮಳೆಯೂ ಹೊಡೆದು, ಅವಳ ಪಾಲಿನ ಹೊಲ ಕೆಸರಾಗಿ ಆಳುಗಳೂ ಇಳಿಯಲಿಲ್ಲ. ಅವಳು ಬರುವ ಹೊತ್ತಿಗೆ ಗಿಡಗಳೆಲ್ಲ ಕಡ್ಡಿಯಾಗಿ, ಕಾಯಿಗಳು ಬಾಯಿಬಿಟ್ಟು, ಬೀಜ ನೆಲಕ್ಕೆ ಸುರಿದು, ಇರುವೆಗಳಿಗೆ ಹಬ್ಬ.

ನನಗೆ ಒಳಗೊಳಗೇ ಎಷ್ಟು ಖುಷಿಯಾಯಿತೆಂದು ಹೇಳಲಾರೆ. ಬದುವಿನ ಮೇಲೆ ನಿಂತು ಬಾಯಿಗೆ ಬಂದ ಹಾಗೆ ಬೈದೆ. “ಒಂದು ವರ್ಷದ ದುಡಿಮೆ ಹಾಳು ಮಾಡಿದ್ಯಲ್ಲ ಮಾರಾಯ್ತಿ! ಬೀಗರ ಊಟ ಉಂಡ್ಯಾ? ಈಗ ಇದನ್ನು ನೋಡು!” ಅವಳು ಮೊದಲ ಸಲ ನಗಲಿಲ್ಲ. ಮುಖ ಸಣ್ಣ ಮಾಡಿಕೊಂಡು ಕೆಸರಿಗಿಳಿದು ಖಾಲಿ ಗಿಡಗಳ ನಡುವೆ ಸುತ್ತತೊಡಗಿದಳು. ನಾನು ವಾಪಸು ಹೊರಟಿದ್ದೆ.

“ಅಕ್ಕಾ, ಇಲ್ಲಿ ನೋಡಿ. ಇದೆಂತ ಇದು?”

ಸುತ್ತ ಖಾಲಿ ಕಾಯಿಗಳ ಗಿಡಗಳು, ಅಲ್ಲೊಂದು ಇಲ್ಲೊಂದು ಎಂದಿನಂತೆ ಬೀಜ ಕಚ್ಚಿಕೊಂಡ ಬಿಳಿಯವು. ಅವುಗಳ ನಡುವೆ ಒಂದು ಗಿಡ ಬಾಯಿಬಿಟ್ಟು ನಿಂತಿತ್ತು, ಬಾಯಿಯೊಳಗೆ ಬೀಜ ಸಾಲಾಗಿ ಹಾಗೇ ಇತ್ತು. ಕಪ್ಪು. ಅವಳು ಗಿಡವನ್ನು ಅಲ್ಲಾಡಿಸಿದಳು. ಒಂದೂ ಉದುರಲಿಲ್ಲ.

ಅಯ್ಯೋ ದೇವರೇ! ನನಗೆ ಆ ಕ್ಷಣವೇ ಎಲ್ಲ ಅರ್ಥವಾಯಿತು. ಉದುರದ ಗಿಡ ಯಾವುದೆಂದು ತಿಳಿಯಬೇಕಾದರೆ ಉಳಿದವನ್ನು ಉದುರಲು ಬಿಡಬೇಕು. ನಾನು ಒಳ್ಳೆಯ ರೈತರ ಹಾಗೆ ಎಲ್ಲವನ್ನೂ ಹಸಿಯಾಗಿ ಕೊಯ್ದುಬಿಟ್ಟಿದ್ದೆ. ನನ್ನ ಕಟ್ಟುಗಳಲ್ಲಿ ಕಾಯಿಗಳು ಮುರುಟಿ ಒಣಗಿ, ಯಾವುದು ಗುಣದಿಂದ ಹಿಡಿದುಕೊಂಡಿದೆ, ಯಾವುದು ಎಳೆಯದಾಗಿ ಅಂಟಿಕೊಂಡಿದೆ ಎಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಹದ ನೋಡಿ ಕೊಯ್ದವಳಿಗೆ ಹುಲ್ಲು, ಮದುವೆಮನೆಯಲ್ಲಿ ಕೂತು ಹೋಳಿಗೆ ತಿಂದವಳಿಗೆ ಗಿಡ!

ಸಾಹೇಬರು ಓಡಿ ಬಂದರು. ಫೋಟೋ ತೆಗೆದರು. “ಇವರ ಗಿಡ, ಇವರ ಗಿಡ” ಎಂದು ಎಲ್ಲರಿಗೂ ಫೋನಿನಲ್ಲಿ ಹೇಳಿದ್ದೇ ಹೇಳಿದ್ದು. “ಕ್ರಾಸು ನಂದು ಸಾರ್” ಎಂದೆ. “ಹೌದು ಹೌದು, ಯಾರು ಇಲ್ಲ ಅಂದ್ರು? ಆದ್ರೆ ಕಂಡದ್ದು ಅವರಿಗಲ್ವಾ” ಎಂದರು. ಮನೆಗೆ ಹೋಗಿ ಸಾರಿಗೆ ಉಪ್ಪು ಕಡಿಮೆ ಎಂದ ಗಂಡನ ಮೇಲೆ ಹರಿಹಾಯ್ದೆ. ಅವರು ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗಿ ಉಂಡರು.

ಒಂದು ಗಿಡ ಕಂಡ ಮಾತ್ರಕ್ಕೆ ತಳಿಯಾಗುವುದಿಲ್ಲ. ಅದರ ಬೀಜ ಬಿತ್ತಿದರೆ ಮಕ್ಕಳೂ ಉದುರದೆ ನಿಲ್ಲಬೇಕು. ನಾನು ಅದಕ್ಕೇ ಜೋತುಬಿದ್ದೆ. ಕೆಸರಿನಲ್ಲಿ ಬೇರು ಕೊಳೆತು ರೋಗ ಹಿಡಿದ ಗಿಡವಿರಬೇಕು, ಅದಕ್ಕೇ ಬೀಜ ಅಂಟಿಕೊಂಡಿದೆ, ಮಕ್ಕಳಲ್ಲಿ ಬಣ್ಣ ಬಯಲಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮರುವರ್ಷದ ಬೇಸಿಗೆಗೆ ಆ ಬೀಜದ ಒಂದು ಸಾಲು ಎದ್ದಿತು. ದಿನವೂ ಹೋಗಿ ನೋಡುತ್ತಿದ್ದೆ. “ಅಕ್ಕನಿಗೆ ನನಗಿಂತ ಜಾಸ್ತಿ ಮುತುವರ್ಜಿ” ಎಂದು ಅವಳು ಎಲ್ಲರೆದುರು ಹೊಗಳಿದಳು. ಮುತುವರ್ಜಿಯಂತೆ!

ಸಾಲು ಒಣಗಿತು. ಗಿಡ ಆರಿಸಿದವರೇ ಪರೀಕ್ಷೆ ಮಾಡಬಾರದೆಂದು ಸಾಹೇಬರು ಆ ಕೆಲಸ ನನಗೆ ವಹಿಸಿದರು. ಪರೀಕ್ಷೆ ಸರಳ. ಬಾಯಿಬಿಟ್ಟ ಕಾಯಿಯನ್ನು ಬಿಳಿ ತಟ್ಟೆಯ ಮೇಲೆ ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಬೇಕು. ಅವಳು ದೂರದಲ್ಲಿ, ಬದುವಿನ ಮೇಲೆ, ನೋಡಲು ಧೈರ್ಯ ಸಾಲದೆ ಈಚೆಗೆ ಬೆನ್ನು ಮಾಡಿ ನಿಂತಿದ್ದಳು.

ಮೊದಲ ಗಿಡದ ಕಾಯಿ ಬಗ್ಗಿಸಿದೆ. ಬೀಳಲಿಲ್ಲ. ಆದರೆ ಇಣುಕಿ ನೋಡಿದರೆ ಬಿಳಿ ಬೀಜ. ಎದೆ ಹಗುರಾಯಿತು. ಹಳೆಯ ಕಥೆಯೇ, ಉದುರದ್ದೆಲ್ಲ ಬಿಳಿ. ಪಕ್ಕದ ಗಿಡಕ್ಕೆ ಕೈ ಹಾಕಿದೆ. ಅದು ಕಪ್ಪು. ತಲೆಕೆಳಗು ಮಾಡಿ ತಟ್ಟಿದೆ. ತಟ್ಟೆ ಖಾಲಿ. ಜೋರಾಗಿ ತಟ್ಟಿದೆ. ಖಾಲಿ. ಅದರಾಚೆಯದೂ ಕಪ್ಪು, ಅದರ ಮುಂದಿನದೂ ಕಪ್ಪು. “ಬೀಳು” ಎಂದೆ. ಕಾಯಿಯನ್ನು ತಟ್ಟೆಯ ಅಂಚಿಗೆ ಕುಟ್ಟಿದೆ. “ಬೀಳು, ನಿನ್ನ ಮನೆ ಹಾಳಾಗ, ಬೀಳು!”

ಈ ಊರಿಗೆ ಬಂದ ವರ್ಷದಿಂದ ನಾನು ಎಳ್ಳಿನ ಕಾಯಿಗಳಿಗೆ ಹೇಳಿಕೊಂಡು ಬಂದದ್ದು ಒಂದೇ ಮಾತು, ಉದುರಬೇಡ ಎಂದು. ಆ ಮಾತು ಕೇಳುವ ಕಾಯಿ ಕೊನೆಗೂ ನನ್ನ ಕೈಯಲ್ಲಿತ್ತು. ನಾನು ಅದನ್ನು ಕುಟ್ಟುತ್ತಿದ್ದೆ.

“ಬಿತ್ತಾ ಅಕ್ಕಾ?” ಎಂದು ಅವಳು ಬದುವಿನಿಂದ ಕೂಗಿದಳು.

ತಟ್ಟೆ ಕೆಳಗಿಟ್ಟೆ. “ಇಲ್ಲ ಮಾರಾಯ್ತಿ” ಎಂದೆ. “ಒಂದೂ ಬೀಳ್ಲಿಲ್ಲ.”

ಅವಳು ಓಡಿ ಬಂದು ನನ್ನನ್ನು ತಬ್ಬಿಕೊಂಡು ಗೊಳೋ ಎಂದು ಅಳತೊಡಗಿದಳು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಒಂದೇ ಕಾರಣಕ್ಕೆ ಅಳುತ್ತಿದ್ದೇವೆ ಎಂದು ಅವಳು ತಿಳಿದಳು.