ಅಳಿಸಿಹೋದ ಲೀಲಕ್ಕ

ನಮ್ಮ ಕಡೆಯ ಪೇಟೆಗಳಲ್ಲಿ ನಿರುದ್ದೇಶವಾಗಿ ನಿಲ್ಲುವ ಸ್ವಾತಂತ್ರ್ಯ ಯಾರಿಗೂ ಇಲ್ಲವೆಂಬುದನ್ನು ನೀವೂ ಗಮನಿಸಿರಬಹುದು. ನಡೆಯುವವರನ್ನು ಯಾರೂ ತಡೆಯುವುದಿಲ್ಲ, ಆದರೆ ರಸ್ತೆಯ ಬದಿಯಲ್ಲಿ ಎರಡು ನಿಮಿಷ ಸುಮ್ಮನೆ ನಿಂತಿರೋ, ಪರಿಚಿತರೂ ಅಪರಿಚಿತರೂ ಸಮಾನ ಕಾಳಜಿಯಿಂದ ಹತ್ತಿರ ಬಂದು "ಎಂತ ನಿಂತದ್ದು?" ಎಂದು ವಿಚಾರಿಸುತ್ತಾರೆ. ಈ ಪ್ರಶ್ನೆಯ ದೆಸೆಯಿಂದ ನಾನೊಮ್ಮೆ ಅನುತ್ತೀರ್ಣಳಾಗುವುದರಲ್ಲಿದ್ದೆ.

ಆಗ ನಾನು ವಿಶ್ವವಿದ್ಯಾಲಯದಲ್ಲಿ ನಗರ ವಿನ್ಯಾಸದ ಓನಾಮ ಕಲಿಯುತ್ತಿದ್ದೆ. ನೆರಳು, ಆಸನ ಮತ್ತು ನೋಡಲು ಏನಾದರೊಂದು, ಈ ಮೂರು ಇದ್ದಲ್ಲಿ ಜನ ನಿಲ್ಲುತ್ತಾರೆ ಎಂಬುದು ನಮ್ಮ ಪ್ರಾಧ್ಯಾಪಕಿಯ ಮೊದಲ ಪಾಠ. ಅದನ್ನು ಪರೀಕ್ಷಿಸಲು ನಾವು ಯಾವುದಾದರೂ ಪೇಟೆಯ ಒಂದು ಮೂಲೆಯಲ್ಲಿ ಮೂರು ಗಂಟೆ ಕಾದು, ಒಂದು ನಿಮಿಷಕ್ಕಿಂತ ಹೆಚ್ಚು ನಿಂತವರಿಗೆಲ್ಲ ನಕ್ಷೆಯಲ್ಲಿ ಒಂದೊಂದು ಚುಕ್ಕೆ ಇಡಬೇಕು. ಷರತ್ತು ಒಂದೇ: ನೋಡುವವರನ್ನು ಯಾರೂ ನೋಡಬಾರದು. ಮೂಡುಬಿದಿರೆಯ ನನ್ನ ನಕ್ಷೆ, ಮರಗಳನ್ನು ಅತಿ ಸುಂದರವಾಗಿ ಬಿಡಿಸಿ ಮನುಷ್ಯರನ್ನು ಮರೆತದ್ದಕ್ಕಾಗಿ ತಿರಸ್ಕೃತವಾಯಿತು. ಮಡಂತ್ಯಾರಿನದು, ಮನುಷ್ಯರನ್ನು ಚಂದ ಕಾಣುವಲ್ಲೆಲ್ಲ ನಿಲ್ಲಿಸಿದ್ದಕ್ಕಾಗಿ. ಮೂರನೆಯದೂ ಹೋದರೆ ಇಡೀ ವರ್ಷ ಮತ್ತೆ ಓದಬೇಕಿತ್ತು. ಹೆಸರೇ ಅರ್ಥವಾಗದ ಈ ಓದಿಗೆ ನನ್ನನ್ನು ಕಳುಹಿಸಲು ನೆಂಟರೆಲ್ಲರ ಜೊತೆ ವಾದಿಸಿದ್ದ ಅಪ್ಪನ ಮುಖ ನೆನೆದರೆ ನನಗೆ ಅನ್ನ ಸೇರುತ್ತಿರಲಿಲ್ಲ.

ಹಾಗಾಗಿ ಮೂರನೆಯ ಸಲ ನನ್ನದೇ ಊರಾದ ವಿಟ್ಲವನ್ನು ಆರಿಸಿ, ಮುಚ್ಚಿದ ಅಂಗಡಿಯೊಂದರ ಮುಂದೆ, ನೆರಳೂ ಆಸನವೂ ಇಲ್ಲದ ಮೂಲೆಯಲ್ಲಿ, ಅದೃಶ್ಯಳಾಗುವ ಸಂಕಲ್ಪದಿಂದ ನಿಂತೆ. ಹತ್ತು ನಿಮಿಷವೂ ಆಗಿರಲಿಲ್ಲ, ಎದುರಿನ ಟೈಲರಿಂಗ್ ಅಂಗಡಿಯ ಲೀಲಕ್ಕ ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡೇ ರಸ್ತೆ ದಾಟಿ ಬಂದರು.

"ಮಾಷ್ಟ್ರ ಮಗಳಲ್ವಾ? ಎಂತ ನಿಂತದ್ದು? ಪುತ್ತೂರಿನ ಬಸ್ಸು ಈಗ ಹೋದದ್ದಷ್ಟೆ."

"ಬಸ್ಸಿಗಲ್ಲ ಅಕ್ಕ, ಜನರನ್ನು ನೋಡ್ಲಿಕ್ಕೆ ನಿಂತದ್ದು."

"ನೋಡು ಮಾರಾಯ್ತಿ, ಬೇಡ ಹೇಳುವುದಿಲ್ಲ. ಬಿಸಿಲಲ್ಲಿ ನಿಂತು ಯಾಕೆ ನೋಡುವುದು?"

ಹೀಗೆಂದವರು ತಮ್ಮ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ಅದನ್ನು ಕಂಡ ಅಡಿಕೆ ವ್ಯಾಪಾರಿಯೊಬ್ಬರು ತಮ್ಮ ದೊಡ್ಡ ಕೊಡೆಯನ್ನು ಕುರ್ಚಿಗೆ ಕಟ್ಟಿಸಿದರು. ಯಾರದೋ ಮನೆಯಿಂದ ಬೆಲ್ಲ, ನೀರು ಬಂತು. ರಿಕ್ಷಾದವರು ಮನೆಗೆ ಬಿಡಬೇಕೇ ಎಂದು ಕೇಳಿ, ಬೇಡವೆಂದ ಮೇಲೂ ನಿಂತರು. ಬಸ್ಸಿಳಿದು ಬಂದ ಅಜ್ಜಿಯೊಬ್ಬರು ನನ್ನನ್ನು ಎಬ್ಬಿಸಿ ಕುರ್ಚಿಯಲ್ಲಿ ಕುಳಿತು ನನ್ನ ಮದುವೆಯ ವಿಚಾರ ಎತ್ತಿದರು. ಮಧ್ಯಾಹ್ನದ ಹೊತ್ತಿಗೆ ಆ ಬರಡು ಮೂಲೆಯಲ್ಲಿ ನೆರಳೂ ಆಸನವೂ ಸಿದ್ಧವಾಗಿದ್ದವು. ನೋಡಲು ಏನಾದರೊಂದು ಬೇಕಿತ್ತಲ್ಲ, ಅದು ನಾನೇ.

ನಾನು ಪ್ರಾಮಾಣಿಕವಾಗಿ ಚುಕ್ಕೆ ಇಡುತ್ತಾ ಹೋದೆ. ಬಸ್ ತಂಗುದಾಣದಲ್ಲಿ ನಾಲ್ಕು, ನನ್ನ ಸುತ್ತ ಹದಿನೇಳು. ಲೀಲಕ್ಕ ಹಾಳೆಗೆ ಬಗ್ಗಿ, "ಇದರಲ್ಲಿ ನಾನು ಯಾವುದು?" ಎಂದರು. ತೋರಿಸಿದೆ. "ಸ್ವಲ್ಪ ದೊಡ್ಡದು ಮಾಡು, ನಾನು ಅಷ್ಟು ಸಪೂರ ಇಲ್ಲ" ಎಂದರು. ಪೆನ್ಸಿಲನ್ನು ಒತ್ತಿ ಒತ್ತಿ ದೊಡ್ಡದು ಮಾಡಿದೆ.

ಮನೆಗೆ ಬಂದು ಹಾಳೆ ಹರಡಿದೆ. ಷರತ್ತು ಮುರಿದದ್ದಕ್ಕೆ ಹದಿನೇಳು ಸಾಕ್ಷಿಗಳು ಅದರಲ್ಲಿ ಒತ್ತಾಗಿ ನಿಂತಿದ್ದರು. ರಬ್ಬರು ತೆಗೆದುಕೊಂಡು ಒಬ್ಬೊಬ್ಬರನ್ನೇ ಕಳುಹಿಸಿದೆ. ಲೀಲಕ್ಕ ಮಾತ್ರ ಸುಲಭಕ್ಕೆ ಹೋಗಲಿಲ್ಲ. ಪ್ರಾಧ್ಯಾಪಕಿ ನಕ್ಷೆಯನ್ನು ಮೆಚ್ಚಿ, ನೆರಳೂ ಆಸನವೂ ಇಲ್ಲದ ಮೂಲೆ ನಿರ್ಜನವಾಗಿರುವುದು ಸಹಜವೆಂದು ತರಗತಿಗೆಲ್ಲ ತೋರಿಸಿದರು. ನಾನು ಉತ್ತೀರ್ಣಳಾದೆ.

ರಜೆಗೆಂದು ಊರಿನಲ್ಲಿ ಬಸ್ಸಿಳಿದವಳನ್ನು ಲೀಲಕ್ಕ ಕರೆದರು. "ಪಾಸಾದಿಯಂತೆ, ಅಪ್ಪ ಹೇಳಿದರು. ನಮ್ಮ ಚಿತ್ರ ಎಲ್ಲಿ, ತೋರಿಸು." ಸುರುಳಿ ನನ್ನ ಕಂಕುಳಲ್ಲೇ ಇತ್ತು, ಇಲ್ಲವೆನ್ನುವಂತಿರಲಿಲ್ಲ. ಅವರು ಹಾಳೆಯನ್ನು ಹೊಲಿಗೆಯ ಮೇಜಿನ ಮೇಲೆ ಬಿಡಿಸಿ, ತಾವಿರಬೇಕಾದಲ್ಲಿ ಉಳಿದಿದ್ದ ಬೂದು ಕಲೆಯ ಮೇಲೆ ಬೆರಳಿಟ್ಟರು.

"ಹೋ, ನೀನು ಬರೆಯುವಾಗ ನಾನು ಒಳಗೆ ಹೋಗಿದ್ದೆನೋ ಏನೋ" ಎಂದು, ಕುರ್ಚಿಯನ್ನು ನನ್ನತ್ತ ಎಳೆದರು. ಬೈದಿದ್ದರೆ ಸಹಿಸಬಹುದಿತ್ತು. ಆ ದಿನ ಪಟ್ಟಷ್ಟು ನಾಚಿಕೆಯನ್ನು ನಾನು ಮತ್ತೆಂದೂ ಪಟ್ಟಿಲ್ಲ.

ಈಗ ಪೇಟೆಗಳ ನಕ್ಷೆ ಬರೆಯುವುದೇ ನನ್ನ ಉದ್ಯೋಗ. ಆ ಹಾಳೆ ಕಚೇರಿಯ ಗೋಡೆಯ ಮೇಲಿದೆ. ಕಲೆಯ ಮೇಲೆ ಮತ್ತೆ ಚುಕ್ಕೆ ಇಡುವ ಧೈರ್ಯ ಇನ್ನೂ ಬಂದಿಲ್ಲ. ಊರಿಗೆ ಹೋದಾಗಲೆಲ್ಲ ಆ ಮೂಲೆಯಲ್ಲಿ ಬೇಕೆಂದೇ ಎರಡು ನಿಮಿಷ ನಿಲ್ಲುತ್ತೇನೆ. ಲೀಲಕ್ಕನಿಗೀಗ ಮೊಣಕಾಲು ನೋವು, ರಸ್ತೆ ದಾಟಲಾಗುವುದಿಲ್ಲ. ಹೊಲಿಗೆ ಯಂತ್ರ ನಿಲ್ಲಿಸಿ ಅಲ್ಲಿಂದಲೇ ಕೂಗಿ ಕೇಳುತ್ತಾರೆ, "ಎಂತ ನಿಂತದ್ದು?"

ನಾನೇ ರಸ್ತೆ ದಾಟಿ ಹೋಗಿ ಹೇಳುತ್ತೇನೆ, "ನಿಮ್ಮನ್ನು ನೋಡ್ಲಿಕ್ಕೆ, ಅಕ್ಕ."