ಕಲೆಯಿಲ್ಲದ ತುಂಡು

ಇಪ್ಪತ್ತು ವರ್ಷ ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಆರಿಸಿದವನು ನಾನು. ಮೂಟೆಗೆ ಕೈ ಹಾಕಿದರೆ ಕೆಟ್ಟ ಉಂಡೆ ಯಾವುದೆಂದು ಬೆರಳಿಗೇ ಗೊತ್ತಾಗುತ್ತಿತ್ತು. ಆ ಧೈರ್ಯದ ಮೇಲೆಯೇ ಅಕ್ಕನ ಕ್ಯಾನ್ಸರ್ ಗೆಡ್ಡೆಯ ತುಂಡು ತರಲು ನಾನೇ ಹೊರಟೆ.

ಅಕ್ಕ ಥೈರಾಯ್ಡ್ ಕ್ಯಾನ್ಸರಿನಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳ ಮಗಳು ಬಿಳಿಗೆರೆಯ ಶಾಲೆಯಲ್ಲಿ ಟೀಚರು. ಈ ಬಗೆಯ ಕ್ಯಾನ್ಸರು ಕೆಲವು ಮನೆಗಳಲ್ಲಿ ಹೆತ್ತವರಿಂದ ಮಕ್ಕಳಿಗೆ ಹುಟ್ಟಿನಿಂದಲೇ ಬರುತ್ತದೆ, ಹಾಗೆ ಬಂದಿದ್ದರೆ ಮಗಳ ಥೈರಾಯ್ಡನ್ನೂ ಮೊದಲೇ ತೆಗೆದುಬಿಡುವುದು ಒಳ್ಳೆಯದು ಎಂದರು ಬೆಂಗಳೂರಿನ ಡಾಕ್ಟರಮ್ಮ. ತಾಯಿಯಲ್ಲಿ ಯಾವ ಜೀನು ಕೆಟ್ಟಿತ್ತೆಂದು ತಿಳಿಯದೆ ಮಗಳ ರಕ್ತ ನೋಡಿ ಧೈರ್ಯ ಹೇಳಲಾಗದಂತೆ. ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಯನ್ನು ಮೇಣದಲ್ಲಿ ಹೂತಿಟ್ಟಿರುತ್ತಾರೆ, ಅದನ್ನು ತನ್ನಿ ಎಂದರು.

ಥೈರಾಯ್ಡ್ ತೆಗೆಯುವಾಗ ದನಿಯ ನರಕ್ಕೆ ಪೆಟ್ಟಾಗಬಹುದಂತೆ; ಮಗಳಿಗೆ ಚಾಕುವಿಗಿಂತ ಅದರ ಚಿಂತೆ. "ದನಿ ಹೋದ್ರೆ ಮಕ್ಳಿಗೆ ಮಗ್ಗಿ ಹೇಳ್ಕೊಡೋರ್ಯಾರು ಮಾವ?" ಅಂದಳು.

ಅಕ್ಕನಿಗೆ ಆಪರೇಷನ್ ಆಗಿದ್ದ ಆಸ್ಪತ್ರೆಯ ಲ್ಯಾಬಿನವನು ಡ್ರಾಯರಿನಿಂದ ಆರು ತುಂಡು ತೆಗೆದಿಟ್ಟ. ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಬಿಳಿ ಮೇಣದ ನಡುವೆ ಒಂದು ಚೂರು ಮಾಂಸ. ಒಂದೇ ಕೊಡುವುದು ಎಂದ. ಎರಡು ಕೇಳಿದೆ. ಅರ್ಧ ಗಂಟೆ ಚೌಕಾಸಿ ಮಾಡಿದರೂ ಅವನು ಒಂದಕ್ಕೇ ನಿಂತ. ಯಾವುದು ಕೊಡಬೇಕೆಂದು ಹಳೆಯ ವರದಿ ಹುಡುಕಲು ಎದ್ದವನನ್ನು, ಆರಿಸುವುದು ನನ್ನ ಕಸುಬು ಎಂದು ಕೂರಿಸಿದೆ. ಐದರಲ್ಲಿ ಕಲೆಯೋ ಮಚ್ಚೆಯೋ ಇತ್ತು. ಒಂದು ಮಾತ್ರ ಒಂದೇ ಬಣ್ಣ, ಚೊಕ್ಕ. ಅದನ್ನೇ ಎತ್ತಿಕೊಂಡೆ.

ಬೆಂಗಳೂರಿನ ಲ್ಯಾಬಿನ ಹುಡುಗಿ ತುಂಡನ್ನು ಐಸಿನ ಮೇಲಿಟ್ಟು ಗಟ್ಟಿ ಮಾಡಿ, ಹೊಸ ಬ್ಲೇಡು ಹಾಕಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದಳು. ಹೆರೆದದ್ದನ್ನು ಬೆಚ್ಚನೆಯ ನೀರಿನಲ್ಲಿ ತೇಲಿಸಿ ಗಾಜಿನ ಮೇಲೆ ಹಿಡಿದು, ಬಣ್ಣ ಹಾಕಿದಳು. ಕೊಬ್ಬರಿ ತುರಿಯುವವರು ನೋಡಿ ಕಲಿಯಬೇಕಾದ ಕೈ. ಡಾಕ್ಟರಮ್ಮ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು.

"ಇದ್ರಲ್ಲಿ ಗೆಡ್ಡೇನೇ ಇಲ್ವಲ್ರೀ. ಪಕ್ಕದ ಒಳ್ಳೆ ಮಾಂಸ ಇದು. ಯಾರು ಆರಿಸಿದ್ದು?"

"ನಾನೇ ಕಣ್ರೀ. ಒಳ್ಳೇದನ್ನೇ ನೋಡಿ ತಂದೆ."

ಅವರು ಗೆಡ್ಡೆಯಿರುವ ತುಂಡು ಕೊಡಿ ಎಂದು ಚೀಟಿ ಬರೆದುಕೊಟ್ಟರು. ಹೀಗೆ ತರಲು ಹೋಗುವವರಿಗೆ ಹೇಳುತ್ತೇನೆ: ವರದಿಯ ನಂಬರು ಹಿಡಿದುಕೊಂಡು ಹೋಗಿ, ಗೆಡ್ಡೆ ಹೆಚ್ಚಿರುವುದು ಯಾವುದರಲ್ಲಿ ಎಂದು ಕೇಳಿ, ಸುಮ್ಮನಿರಿ. ಬಿಸಿಲು ಬೀಳುವ ಕಿಟಕಿಯ ಪಕ್ಕ ಇಡಬೇಡಿ, ಮೇಣ ಬೆವರುತ್ತದೆ.

ಮತ್ತೆ ಹೋದೆ. ಲ್ಯಾಬಿನವನು ವರದಿ ನೋಡಿ, ನಾನು ಮೊದಲ ದಿನ ಕಲೆ ಕಂಡು ಎಲ್ಲಕ್ಕಿಂತ ಮೊದಲು ಪಕ್ಕಕ್ಕೆ ತಳ್ಳಿದ್ದ ತುಂಡನ್ನೇ ಕೊಟ್ಟ. ಈ ಸಲ ಡಾಕ್ಟರಮ್ಮ ಗಾಜಿನ ಮೇಲೆ ಗೆಡ್ಡೆಯ ಸುತ್ತ ಪೆನ್ನಿನಿಂದ ಗೆರೆ ಎಳೆದರು. ಹುಡುಗಿ ಗೆರೆಯೊಳಗಿನದನ್ನು ಮಾತ್ರ ಕೆರೆದು ಪುಟ್ಟ ನಳಿಕೆಗೆ ಹಾಕಿ, ಮೇಣ ಕರಗಿಸಿದಳು. ನನ್ನ ಚೊಕ್ಕ ತುಂಡನ್ನೂ ಎಸೆಯದೆ ಬೇರೆ ನಳಿಕೆಗೆ ಹಾಕಿಸಿದರು.

ಕೆಲವು ವಾರದ ಮೇಲೆ ಕರೆಸಿ ಹೇಳಿದರು. ಗೆಡ್ಡೆಯಲ್ಲಿ ಜೀನು ಕೆಟ್ಟಿದೆ, ಒಳ್ಳೆ ಮಾಂಸದಲ್ಲಿ ಕೆಟ್ಟಿಲ್ಲ. ಹುಟ್ಟಿನಿಂದ ಬಂದಿದ್ದರೆ ಎರಡರಲ್ಲೂ ಕೆಟ್ಟಿರಬೇಕಿತ್ತು. ಗೆಡ್ಡೆ ಒಂದನ್ನೇ ನೋಡಿದ್ದರೆ ಅನುಮಾನ ಉಳಿಯುತ್ತಿತ್ತು. ಮಗಳ ಕತ್ತಿಗೆ ಚಾಕು ಬೇಕಿಲ್ಲ.

ಬಸ್ಸಿಳಿದು ನೇರ ಶಾಲೆಗೆ ಹೋಗಿ ಹೇಳಿದೆ. ಅವಳು ಕತ್ತು ಮುಟ್ಟಿಕೊಂಡಳು.

"ತಪ್ಪು ತುಂಡು ಆರಿಸ್ದೆ ಅಂತ ನೀನೇ ಹೇಳಿದ್ಯಲ್ಲ ಮಾವ, ಅದೇ ಕೆಲ್ಸಕ್ಕೆ ಬಂತಾ?"

ಎರಡು ಕೊಡಿ ಎಂದು ಮೊದಲ ದಿನವೇ ಕೇಳಿದ್ದೆ ಎಂದೆ. ಅವಳು ಒಳಗೆ ಹೋಗಿ ಏಳರ ಮಗ್ಗಿ ಶುರು ಮಾಡಿದಳು. ಬಸ್ ಸ್ಟಾಪಿನವರೆಗೂ ಕೇಳಿಸುತ್ತಿತ್ತು.